ಬಾವಿಯೊಳಗೆ ಇಬ್ಬರು

ನಾನು ದನದ ಡಾಕ್ಟರು; ಹೆಂಗಸಾದ್ದರಿಂದ ಊರವರಿಗೆ 'ಬಾಯಾರು'. ಎಮ್ಮೆ ಈಯಲಾರದೆ ಒದ್ದಾಡುತ್ತಿದ್ದರೂ ನನ್ನ ಕೈ ನಡುಗುವುದಿಲ್ಲ. ಚಿರತೆ ಎಂದರೆ ಮಾತ್ರ ಇಂದಿಗೂ ಎದೆ ಧಸಕ್ಕೆನ್ನುತ್ತದೆ. ಸನವಳ್ಳಿಯ ಬಾವಿಗೆ ಚಿರತೆ ಬಿದ್ದಿದೆ ಎಂದು ಫಾರೆಸ್ಟಿನವರು ಕರೆದಾಗ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಬಾವಿಯ ಸುತ್ತ ಊರೇ ನೆರೆದಿತ್ತು. ಗೋವಿನಜೋಳದ ಹೊಲ ತುಳಿದುಕೊಂಡು ಪಕ್ಕದ ಟಿಬೆಟನ್ ಕಾಲೊನಿಯಿಂದಲೂ ಜನ ಬಂದಿದ್ದರು. ಕೆಳಗೆ ಈಜಿ ಈಜಿ ಸೋತ ಚಿರತೆ. "ಸೂಜಿ ಹೊಡದು ಮಲಗಸ್ರಿ ಬಾಯಾರ," ಎಂದು ಒಬ್ಬೊಬ್ಬರೂ ನನಗೆ ಬುದ್ಧಿ ಹೇಳಿದರು. ಆ ಹೊತ್ತಿಗೆ ಊರೆಲ್ಲ ಡಾಕ್ಟರರೇ. ನೀರಿನಲ್ಲಿರುವ ಪ್ರಾಣಿಗೆ ಮಂಪರು ಬಂದರೆ ಅದು ಮುಳುಗಿ ಸಾಯುತ್ತದೆ ಎಂದು ಗಂಟಲು ಹರಿದುಕೊಂಡೆ. ಹೊರಸು, ಅಂದರೆ ಹಗ್ಗದ ಮಂಚ, ಅದರ ನಾಲ್ಕೂ ಕಾಲಿಗೆ ಹಗ್ಗ ಕಟ್ಟಿ ಇಳಿಸಬೇಕು. ಅದು ಹತ್ತಿ ಕೂತು ಸುಧಾರಿಸಿಕೊಂಡ ಮೇಲೆ ಏಣಿ ಇಳಿಬಿಟ್ಟು ಜನ ದೂರ ಸರಿದರೆ ತಾನೇ ಹೊರಟುಹೋಗುತ್ತದೆ. ಜನ ಸರಿಯುವುದೇ ಕಷ್ಟದ ಕೆಲಸ.

ಬಂದೂಕು ಹಿಡಿದು ಬಂದ ಪೊಲೀಸರನ್ನು ಕಂಡವಳೇ ಆ ಬಾವಿಯಿರುವ ಮನೆಯ ಯಜಮಾನಿ ಕಟ್ಟೆಗೆ ಅಡ್ಡ ನಿಂತಳು. "ಕುಡಿಯೋ ನೀರೈತ್ರಿ ಇದು. ಇದರಾಗ ರಕ್ತ ಬೀಳಬಾರದು." ಚಿರತೆಯ ಮೇಲಿನ ಕರುಣೆಯಲ್ಲ ಅದು. ಆದರೂ ನನಗೆ ಅನುಕೂಲವೇ ಆಯಿತು.

ಹೊರಸು ಇಳಿಯುತ್ತ ಗೋಡೆಯ ಕಲ್ಲಿಗೆ ಸಿಕ್ಕಿಕೊಂಡಿತು. ಪ್ರತಿ ಬೇಸಿಗೆ ಹೂಳು ತೆಗೆಯಲು ಇಳಿಯುವ ಆಕೆಯ ಗಂಡನಿಗೆ ಆ ಗೋಡೆಯ ಒಂದೊಂದು ಕಲ್ಲೂ ಗೊತ್ತು. ಯಾರನ್ನೂ ಕೇಳದೆ ಬರಿಗಾಲಲ್ಲಿ ಇಳಿದೇಬಿಟ್ಟ. ಹೊರಸನ್ನು ಒದ್ದು ಬಿಡಿಸಿಯೂ ಬಿಟ್ಟ. ಆದರೆ ಇದು ಬೇಸಿಗೆಯಲ್ಲ, ಮಳೆಗಾಲ. ಕಲ್ಲಿನ ಮೇಲೆಲ್ಲ ಪಾಚಿ. ಜಾರಿ ನೀರಿಗೆ ಬಿದ್ದ.

ಚಿರತೆ ಹೊರಸಿನ ಮೇಲೇರಿ ಹಲ್ಲು ಕಿರಿಯಿತು. ಆತ ಎದುರುಗೋಡೆಯ ಕಲ್ಲು ಹಿಡಿದು ಕುತ್ತಿಗೆಯವರೆಗಿನ ನೀರಲ್ಲಿ ಉಸಿರು ಬಿಗಿಹಿಡಿದಿದ್ದ. "ಹೊಡೀರಿ!" ಎಂದು ಎಲ್ಲರಿಗಿಂತ ಮೊದಲು ಕೂಗಿದವಳು ಆಕೆಯೇ. ಪೊಲೀಸರು ಗುರಿಯಿಟ್ಟು ನನ್ನ ಮುಖ ನೋಡಿದರು. ಗುಂಡು ಕಲ್ಲಿಗೆ ಬಡಿದು ಸಿಡಿದು ಆತನಿಗೇ ತಗುಲಿದರೆ? ಗಾಯಗೊಂಡ ಚಿರತೆ ಅವನ ಮೇಲೆ ಹಾರಿದರೆ? ಹೊಡೆಯದೇ ಬಿಟ್ಟರೂ ಅದು ಹಾರುವುದಿಲ್ಲವೆಂದು ಯಾರು ಹೇಳಬೇಕು? ನನಗೆ ಗೊತ್ತಿರಲಿಲ್ಲ.

"ಬ್ಯಾಡ್ರಿ," ಎಂದೆ. "ಜಿಗಿದ್ರ ಅಷ್ಟ ಹೊಡೀರಿ. ಉಳಿದಾವ್ರು ಬಾಯಿ ಮುಚ್ಚಿ ಕೂಡ್ರಿ!"

ಅಷ್ಟು ಜನವೂ ಕೂತರು. ಹಗ್ಗ ಇಳಿಯಿತು. ಆತ ಅದನ್ನು ಕಂಕುಳಿಗೆ ಸುತ್ತಿಕೊಂಡ. ಎಳೆಯುವಷ್ಟು ಹೊತ್ತೂ ಚಿರತೆಯ ಕಣ್ಣು ಅವನ ಕಾಲಿನ ಮೇಲಿತ್ತು, ನನ್ನ ಕಣ್ಣು ಚಿರತೆಯ ಹಿಂಗಾಲಿನ ಮೇಲೆ. ಮೇಲೆ ಬಂದವನು ಕಟ್ಟೆಯ ಪಕ್ಕ ವಾಂತಿ ಮಾಡಿಕೊಂಡ. ಆಮೇಲೆ ಏಣಿ ಇಳಿಸಿ, ಜನರನ್ನು ಬೈದು ಅಟ್ಟಿದೆವು. ಹೊತ್ತು ಮುಳುಗುವ ಮುಂಚೆ ಚಿರತೆ ಹತ್ತಿ ಕಾಡಿನ ಕಡೆ ಓಡಿತು.

ಎಲ್ಲರೂ ಶಹಬ್ಬಾಸ್ ಎಂದರು. ಆಕೆ ಮಾತ್ರ ಚಹಾ ಕೊಟ್ಟು ನನ್ನೆದುರು ಕೂತಳು.

"ಸಿಟ್ಟಾಗಬ್ಯಾಡ್ರಿ ಬಾಯಾರ. ಬಾವ್ಯಾಗ ನಿಮ್ಮ ಮನಿಯವರು ಬಿದ್ದಿದ್ರ ಏನಂತಿದ್ರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೊಡೀರಿ ಅಂತಿದ್ದೆ," ಎಂದೆ.

"ನಾನೂ ಅದನ್ನ ಅಂದಿದ್ದೆ," ಎಂದಳು. "ನೀವು ಕೇಳಲಿಲ್ಲ."