ಹಕ್‌ಗ್ಯುವಿನ ಎಡೆಗೆ ಎರಡನೇ ಬಟ್ಟಲು

ಅಂಗಡಿಯವನು ಫ್ರಿಜ್ಜಿನಿಂದ ಒಂದೇ ಒಂದು ಪೊಟ್ಟಣ ತೆಗೆದು, ಬೆಳಕಿಗೆ ಹಿಡಿದು ತಾರೀಖು ಓದಿ ತಲೆಯಾಡಿಸಿದ.

"ಇಪ್ಪತ್ತು ಲೀಟರ್ ಬಿಯರಿಗೆ ಇದು ಸಾಲಲ್ಲ ಅಜ್ಜಿ. ಹಳೇದು ಬೇರೆ. ಅರ್ಧಕ್ಕರ್ಧ ಯೀಸ್ಟು ಸತ್ತಿರುತ್ತೆ. ಇಂಥವು ನಾಲ್ಕು ಬೇಕು. ಮುಂದಿನ ತಿಂಗಳು ಸರಕು ಬರುತ್ತೆ, ಆಗ ಬನ್ನಿ."

"ಮುಂದಿನ ತಿಂಗಳು ನನ್ನ ಗಂಡನ ತಿಥಿ. ಕೊಡಪ್ಪ ಅದನ್ನೇ. ಒಂದನ್ನ ನಾಲ್ಕು ಮಾಡ್ಕೋತೀನಿ."

"ಮಾಡೋಕೆ ಬರುತ್ತಾ?"

"ನಮ್ಮಮ್ಮ ಅಬಕಾರಿಯೋರ ಕಣ್ಣು ತಪ್ಪಿಸಿ ಇಪ್ಪತ್ತು ವರ್ಷ ಅಕ್ಕಿ ಹೆಂಡ ಮಾಡಿದೋಳು. ನನಗೆ ಹೇಳಿಕೊಡ್ತೀಯಾ ನೀನು?"

ಪಿಲ್‌ಸುನ್‌ಗೆ ಆಗ ಎಪ್ಪತ್ತೊಂದು ವರ್ಷ. ಊಟದ ಡಬ್ಬಿಯಲ್ಲಿ ಐಸು ಹಾಕಿ, ಪೊಟ್ಟಣವನ್ನು ಅದರ ನಡುವೆ ಮಲಗಿಸಿ, ದೇಗು ನಗರದಿಂದ ತನ್ನೂರು ಯೊಂಗ್ಜುವಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಅವಳ ಗಂಡ ಹಕ್‌ಗ್ಯು ಆಯುಷ್ಯವೆಲ್ಲ ಬಸ್ಸು ಓಡಿಸಿದವನು. ಅಕ್ಕಿಯ ಮದ್ಯ ಒಂದು ಗುಟುಕು ಒಳಗೆ ಹೋದರೂ ಮರುದಿನ ತಲೆ ಎತ್ತುತ್ತಿರಲಿಲ್ಲ. ನಿವೃತ್ತನಾದ ಮೇಲೆ ಹಿತ್ತಿಲಿನ ಕೊಠಡಿಯಲ್ಲಿ ಬಿಯರ್ ಮಾಡಲು ಕಲಿತ. ಸಂಜೆ ಮೆಟ್ಟಿಲ ಮೇಲೆ ಕುಳಿತು ಮೊದಲು ನೊರೆ ನೆಕ್ಕಿ ಆಮೇಲೆ ಕುಡಿಯುತ್ತಿದ್ದ. ಅವನು ಹೋಗಿ ಮೂರು ತಿಥಿ ಕಳೆದಿದ್ದವು. ಗಂಡುಮಕ್ಕಳಿಲ್ಲದ್ದರಿಂದ ಅವನ ತಮ್ಮ ಗ್ಯೊಂಗ್‌ತೆಕ್ ಮುಂದೆ ನಿಂತು ಎಡೆ ನಡೆಸುತ್ತಿದ್ದ. ಪ್ರತಿ ಸಲವೂ ಅಂಗಡಿಯ ಅಕ್ಕಿ ಮದ್ಯದ ಬಾಟಲಿ ತರುತ್ತಿದ್ದ. ಗಂಡನನ್ನು ಕರೆದು ಕೂರಿಸಿ, ಅವನಿಗೆ ಆಗದ್ದನ್ನೇ ಬಡಿಸಿ ಕಳಿಸುತ್ತಿದ್ದೇವಲ್ಲ ಎಂದುಕೊಳ್ಳುತ್ತಲೇ ಪಿಲ್‌ಸುನ್ ಮೂರು ವರ್ಷ ಬಾಯಿ ಮುಚ್ಚಿಕೊಂಡು ತಲೆ ಬಾಗಿಸಿದ್ದಳು. ಈ ವರ್ಷ ಫೋನು ಎತ್ತಿಕೊಂಡಳು.

"ಈ ಸಲ ಬಿಯರ್ ಇಡ್ತೀನಿ ಮೈದುನ. ನಾನೇ ಮಾಡ್ತಿದೀನಿ."

"ಹುರಿದ ಕೋಳೀನೂ ತರಿಸ್ಬಿಡಿ ಅತ್ತಿಗೆ. ಅಣ್ಣ ಫುಟ್‌ಬಾಲ್ ನೋಡ್ತಾ ಕೂತ್ಕೋತಾನೆ."

"ಕೂತ್ಕೊಳ್ಳಲಿ. ಟೀವಿ ಹಾಕ್ತೀನಿ."

"ತಮಾಷೆ ಮಾಡ್ಬೇಡಿ. ಹಿರಿಯರು ನೋಡ್ತಿರ್ತಾರೆ. ಹುಳಿ ನೀರು ಮಾಡಿ ಅಣ್ಣನ ಮುಂದೆ ಇಟ್ರೆ ಮನೆತನದ ಮರ್ಯಾದೆ ಏನಾಗಬೇಕು?"

"ಹುಳಿ ಆದ್ರೆ ನಿನ್ನ ಬಾಟಲಿ ಒಂದೇ ಇರಲಿ, ಇನ್ಮೇಲೆ ಈ ಮಾತು ಎತ್ತಲ್ಲ. ಚೆನ್ನಾಗಾದ್ರೆ, ಮೊದಲನೇ ಬಟ್ಟಲು ನಿಂದು, ಏನಾದ್ರೂ ಹುಯ್ಯಿ. ಎರಡನೇದು ಹೆಂಡತೀದು. ನಿಮ್ಮ ತಾತನ ಕಾಲದಿಂದ ಹಾಗೇ ಇದೆ. ಅದರಲ್ಲಿ ಏನಿದೆ ಅಂತ ಯಾರೂ ಬಗ್ಗಿ ನೋಡಿದ್ದಿಲ್ಲ."

ಹಾಗೆಂದು ಫೋನು ಇಟ್ಟಳು.

ಹಕ್‌ಗ್ಯುವಿನ ನೋಟ್‌ಬುಕ್ಕಿನಲ್ಲಿ ಯೀಸ್ಟ್ ಹೆಚ್ಚಿಸುವ ಬಗೆಯೆಲ್ಲ ಬರೆದಿತ್ತು. ಮೊಳಕೆ ಬಾರ್ಲಿಯ ಮಾಲ್ಟಿನ ಪುಡಿಯನ್ನು ನೀರಿನಲ್ಲಿ ಕುದಿಸಬೇಕು, ತಣಿಸಬೇಕು, ಯೀಸ್ಟ್ ಹಾಕಿ ಬೆಳೆಸಬೇಕು. ಪಿಲ್‌ಸುನ್ ಕುದಿಸಿದಳು, ತಣಿಸಿದಳು, ಜಾಡಿಗೆ ಪೊಟ್ಟಣ ಬಗ್ಗಿಸಿದಳು. ಪೊಟ್ಟಣದ ತಳದಲ್ಲಿ ಒಂದು ಚಮಚದಷ್ಟು ಉಳಿಯಿತು. ಅದನ್ನೂ ಸುರಿಯಲು ಹೋದ ಕೈ ತಾನಾಗಿ ನಿಂತಿತು. ಅವಳ ತಾಯಿ ಗೋಧಿ ತುಳಿದು ಮಾಡಿದ ಹೆಂಡದ ಹೆಪ್ಪಿನ ಬಿಲ್ಲೆಗಳಲ್ಲಿ ಒಂದು ಚೂರನ್ನು ಯಾವಾಗಲೂ ಅಕ್ಕಿಯ ಮಡಕೆಯಲ್ಲಿ ಹೂತಿಡುತ್ತಿದ್ದಳು. ಅಬಕಾರಿಯವರು ಉಳಿದದ್ದನ್ನೆಲ್ಲ ಹೊತ್ತುಕೊಂಡು ಹೋದರೂ ಮರುವಾರ ಆ ಮನೆಯಲ್ಲಿ ಮತ್ತೆ ಹೆಂಡದ ಘಮ ಏಳುತ್ತಿತ್ತು. ಪಿಲ್‌ಸುನ್ ಪೊಟ್ಟಣದ ಬಾಯಿ ಮಡಚಿ ಕಿಮ್ಚಿ ಉಪ್ಪಿನಕಾಯಿ ಇಡುವ ಫ್ರಿಜ್ಜಿನ ಮೂಲೆಗೆ ಸೇರಿಸಿದಳು.

ಆಮೇಲೆ ಜಾಡಿಯನ್ನು ಕೋಣೆಯ ನೆಲದ ಅತಿ ಬೆಚ್ಚಗಿನ ಜಾಗದಲ್ಲಿ, ನೆಲದಡಿಯ ಬಿಸಿನೀರಿನ ಕೊಳವೆ ಒಳಬರುವ ಕಡೆ ಇಟ್ಟು, ಹತ್ತಿಯ ರಜಾಯಿ ಹೊದಿಸಿದಳು. ಹೆಂಡದ ಗುಡಾಣವನ್ನು ತಾಯಿ ಹಾಗೆಯೇ ಕೂರಿಸುತ್ತಿದ್ದಳು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಬಾಯ್ಲರಿನ ಕಾವನ್ನು ಇನ್ನೂ ಸ್ವಲ್ಪ ಏರಿಸಿದಳು.

ಬೆಳಿಗ್ಗೆ ಗ್ಯೊಂಗ್‌ತೆಕ್ ಮುಂದಿನ ತಿಂಗಳ ಎಡೆಗೆಂದು ಪಿಯರ್ ಹಣ್ಣಿನ ಪೆಟ್ಟಿಗೆ ಹೊತ್ತು ಬಂದಾಗ ಅವಳು ರಜಾಯಿ ಸರಿಸುತ್ತಿದ್ದಳು. ಜಾಡಿ ಕೈ ಸುಡುವಂತಿತ್ತು. ನೊರೆ ಇಲ್ಲ, ಗುಳ್ಳೆ ಇಲ್ಲ. ಬೇಯಿಸಿದ ಹಿಟ್ಟಿನ ವಾಸನೆ.

ಗ್ಯೊಂಗ್‌ತೆಕ್ ಬಗ್ಗಿ ಮೂಸಿದ. "ಈ ಸಲ ತಿಥಿ ಯಾರದು ಅತ್ತಿಗೆ, ಅಣ್ಣಂದಾ, ಯೀಸ್ಟಿಂದಾ?"

"ಹಣ್ಣು ಅಲ್ಲಿಟ್ಟು ಹೋಗು."

"ನಾನು ಬಾಟಲಿ ತರ್ತೀನಿ, ಬಿಡಿ. ಯಾಕಿಷ್ಟು ಹಟ?"

"ನಿನ್ನ ಪಾಲಿನ ಬಟ್ಟಲಿಗೆ ತಾ."

ಅವನು ಹೋದ ಮೇಲೆ ಪಿಲ್‌ಸುನ್ ಜಾಡಿಯ ಮುಂದೆ ಕುಳಿತು ನೋಟ್‌ಬುಕ್ಕನ್ನು ಮತ್ತೆ ತೆರೆದಳು. ಪುಟದ ಅಂಚಿನಲ್ಲಿ ಗಂಡನ ಸಣ್ಣಕ್ಷರ: ಕೆನ್ನೆಗಿಟ್ಟರೆ ತಣ್ಣಗನ್ನಿಸಬೇಕು. ಅಷ್ಟು ಚಿಕ್ಕದಾಗಿ ಯಾಕೆ ಬರೆದೆ ಮಾರಾಯ ಎಂದು ಅವನನ್ನು ಬೈದಳು. ಜಾಡಿಯಲ್ಲಿದ್ದುದನ್ನು ಬಚ್ಚಲಿಗೆ ಚೆಲ್ಲಿ, ಬಿಸಿನೀರಲ್ಲಿ ತೊಳೆದು, ಕಿಮ್ಚಿ ಫ್ರಿಜ್ಜು ತೆರೆದಳು.

ಒಂದು ಚಮಚ. ಅದನ್ನು ಮೊದಲು ಅನ್ನದ ಬಟ್ಟಲಿನಷ್ಟು ಮಾಲ್ಟ್ ನೀರಿಗೆ ಹಾಕಿ, ಮುಚ್ಚಿ, ಅಡುಗೆಮನೆಯ ಉತ್ತರದ ಕಿಟಕಿಯ ಬಳಿ ಇಟ್ಟಳು. ಅತ್ತಿತ್ತ ಹೋಗುವಾಗಲೆಲ್ಲ ಎತ್ತಿ ಕುಲುಕಿದಳು, ಕೆನ್ನೆಗೆ ಒತ್ತಿ ನೋಡಿದಳು. ಒಂದು ದಿನ ಏನೂ ಆಗಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಗಂಡನ ಹೆಸರಿನ ಜೊತೆ ಬಟ್ಟಲನ್ನೂ ನೆನೆದಳು. ಎರಡನೇ ದಿನ ಮಧ್ಯಾಹ್ನ ಅಂಚಿನಲ್ಲಿ ಸಾಸಿವೆಯಂಥ ಗುಳ್ಳೆಗಳ ಸಾಲು. ತಳದಲ್ಲಿ ಯೀಸ್ಟಿನ ಬಿಳಿಯ ಕೆನೆ ಕೂತ ಮೇಲೆ ತಿಳಿಯನ್ನು ಬಸಿದು, ಕೆನೆಯನ್ನು ಹೊಸ ಮಾಲ್ಟ್ ನೀರಿದ್ದ ಲೀಟರ್ ಜಾಡಿಗೆ ದಾಟಿಸಿದಳು. ಅಲ್ಲಿಂದ ಮೂರು ಲೀಟರಿನ ಉಪ್ಪಿನಕಾಯಿ ಜಾಡಿಗೆ. ಒಂಬತ್ತನೇ ದಿನ ತಳದಲ್ಲಿ ಎರಡು ಬೆರಳು ದಪ್ಪದ ಕೆನೆ ನಿಂತಿತ್ತು. ನಾಲ್ಕು ಪೊಟ್ಟಣಕ್ಕೆ ಏನೂ ಕಡಿಮೆಯಿರಲಿಲ್ಲ.

ಅದನ್ನು ಹಾಕಿದ ಇಪ್ಪತ್ತು ಲೀಟರ್ ಬಿಯರ್ ಹುದುಗಿತು, ತಿಳಿಯಾಯಿತು, ಬಾಟಲಿ ಸೇರಿತು. ತಿಥಿಯ ಹಿಂದಿನ ದಿನ ಒಂದು ಬಾಟಲಿ ತೆರೆದು ನಾಲಿಗೆಗೆ ತಾಗಿಸಿದಳು. ಹುಳಿಯಿರಲಿಲ್ಲ. ಕಹಿ, ಹಿಂದೆಯೇ ಬ್ರೆಡ್ಡಿನ ಘಮ. ಮುಚ್ಚಳ ಹಾಕಿಟ್ಟು, ಮೂಗು ಒರೆಸಿಕೊಂಡು, ಮೀನು ಹುರಿಯಲು ಹೋದಳು.

ಮರುದಿನ ಸಂಜೆ ಎಡೆ ಸಿದ್ಧವಾಯಿತು. ಆ ಮನೆಯಲ್ಲಿ ಒಂದು ಬಟ್ಟಲನ್ನು ಚೆಲ್ಲಿ ಇನ್ನೊಂದನ್ನು ತುಂಬುವುದಿಲ್ಲ. ಎಲ್ಲವನ್ನೂ ಸಾಲಾಗಿ ಇಡುತ್ತಾರೆ. ಗ್ಯೊಂಗ್‌ತೆಕ್ ತನ್ನ ಬಾಟಲಿಯಿಂದ ಮೊದಲನೇ ಬಟ್ಟಲನ್ನು ಅಂಚಿನವರೆಗೆ ತುಂಬಿ ಇಟ್ಟು ನಮಸ್ಕರಿಸಿದ. ಆಮೇಲೆ ಚಾಪೆಯಿಂದ ಏಳದೆ ಕುಳಿತ.

"ಪಕ್ಕಕ್ಕೆ ಸರಿ ಮೈದುನ," ಎಂದಳು ಪಿಲ್‌ಸುನ್.

"ಅತ್ತಿಗೆ, ಯೋಚನೆ ಮಾಡಿ."

"ಮೂರು ವರ್ಷ ಮಾಡಿದೀನಿ. ಸರಿ."

ಅವನು ಸರಿದ. ಅವಳು ಎರಡನೇ ಬಟ್ಟಲಿಗೆ ಅಂಚಿನವರೆಗೆ ಬಿಯರ್ ಹೊಯ್ದಳು. ನೊರೆ ಬಟ್ಟಲಿನ ಮೇಲೆ ಗೋಪುರವಾಗಿ ಎದ್ದು ಹಲಗೆಗೆ ಹರಿದು ಬಾದಾಮಿಯ ತಟ್ಟೆಯವರೆಗೂ ಹೋಯಿತು.

"ನೊರೆ, ಅತ್ತಿಗೆ, ನೊರೆ," ಎಂದು ಅವನು ಪಿಸುಗುಟ್ಟಿದ.

"ಇರಲಿ. ಅವರು ಮೊದಲು ನೆಕ್ತಿದ್ದಿದ್ದೇ ಅದನ್ನ." ಒರೆಸಲಿಲ್ಲ. ನಾಲ್ಕು ಸಲ ನಿಧಾನವಾಗಿ ನಮಸ್ಕರಿಸಿದಳು.

ಹೋದವರು ಉಣ್ಣುವ ಹೊತ್ತಿಗೆ ಬಾಗಿಲು ಮುಚ್ಚಿ ಎಲ್ಲರೂ ಹೊರಗಿರಬೇಕು. ಇಬ್ಬರೂ ಜಗಲಿಯಲ್ಲಿ ನಿಂತರು. ಗ್ಯೊಂಗ್‌ತೆಕ್ ಒಳಗಿರುವವರಿಗೆ ಸೂಚನೆಯಾಗಿ ಮೂರು ಸಲ ಕೆಮ್ಮಿ ಬಾಗಿಲು ತೆರೆದ.

ಮೊದಲನೇ ಬಟ್ಟಲು ತುಂಬಿದ್ದು ತುಂಬಿದ ಹಾಗೆಯೇ ಇತ್ತು. ಎರಡನೆಯದು ಒಂದು ಬೆರಳು ಕೆಳಗಿಳಿದಿತ್ತು.

ಗ್ಯೊಂಗ್‌ತೆಕ್ ಬಗ್ಗಿ ನೋಡಿದ. "ನೊರೆ ಇಳಿದಿದೆ, ಅಷ್ಟೆ," ಎಂದ.

"ಹೂಂ," ಎಂದಳು ಪಿಲ್‌ಸುನ್, ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ ಅವನಿಗೆ ಚಾಚುತ್ತ. "ಅಣ್ಣ ಉಳಿಸಿರೋದು. ಕುಡಿ. ಮುಂದಿನ ವರ್ಷ ಬಾಟಲಿ ಹೊತ್ತು ತರ್ಬೇಡ, ಬರಿಗೈಲಿ ಬಾ."