ಬೆಕ್ಕಿನ ಕೊರಳ ಗಂಟು

ಆಗ ನನಗೆ ಇಪ್ಪತ್ತೆರಡು. ಅದಾಗಿ ಐವತ್ತೆಂಟು ವರ್ಷವಾಯಿತು. ಇಚಲಕರಂಜಿಯಲ್ಲಿ ನಮ್ಮದು ಮಗ್ಗದ ಮನೆ. ಗಂಜಿ ಹಚ್ಚಿದ ನೂಲಿಗೆ ಇಲಿಗಳ ಕಾಟವೆಂದು ಒಂದು ಬೆಕ್ಕು ಸಾಕಿದ್ದೆವು, ಅದಕ್ಕೊಂದು ಮರಿಯೂ ಇತ್ತು. ಬೆಕ್ಕಿನ ಕೊರಳಲ್ಲಿ ನಿಂಬೆಹಣ್ಣಿನಷ್ಟು ಗಂಟೆದ್ದು, ಬಾಯಿ ತೆರೆದು ಉಸಿರಾಡತೊಡಗಿತು. ಬುಟ್ಟಿಯಲ್ಲಿಟ್ಟು ದನದ ಡಾಕ್ಟರ ಹತ್ತಿರ ಹೊರಟೆ.

“ಬೆಕ್ಕಿಗೂ ಡಾಕ್ಟರ ಬೇಕೇನ? ನನ್ನ ಮೊಣಕಾಲಿಗೆ ಒಬ್ಬನ್ನೂ ಕರಿಲಿಲ್ಲ ನೀ,” ಎಂದರು ಅತ್ತೆ.

ಡಾಕ್ಟರು ಗಂಟು ಒತ್ತಿ ನೋಡಿದರು. “ಇದು ಕ್ಯಾನ್ಸರ್ ಐತ್ರಿ, ಅಕ್ಕಾರ. ಕಣ್ಣಿಗೆ ಕಾಣದ ಹುಳದಿಂದ ಬೆಕ್ಕಿಂದ ಬೆಕ್ಕಿಗೆ ಹತ್ತತೈತಿ ಅಂತ ಪರದೇಶದಾಗ ಈಗ ಹೇಳಾಕತ್ತಾರ. ಮರಿ ಬ್ಯಾರೆ ಇಡ್ರಿ. ಗುಳಿಗಿಗೆ ಗಂಟು ಕರಗತೈತಿ, ಆದರ ಮತ್ತ ಬರತೈತಿ.”

ಗುಳಿಗೆಯನ್ನು ಕೆನೆಯಲ್ಲಿ ಮುಚ್ಚಿ ಕೊಡತೊಡಗಿದೆ. ವಾರದೊಳಗೆ ಗಂಟು ಹುಣಸೆಬೀಜದಷ್ಟಾಯಿತು. ಒಂದು ಸಂಜೆ ಬೆಕ್ಕು ಮಗ್ಗದ ಮೇಲೆ ಹಾರಿ ಕೂತಿತು. ಅತ್ತೆ ಅದರ ಕೊರಳು ಸವರಿ, “ಎಲ್ಲಿ ಹೋತವಾ ಅದು?” ಎಂದರು. ಬೇಳೆಯಷ್ಟು ಗುಳಿಗೆ ಅಂಥ ಗಂಟನ್ನು ಹೇಗೆ ಕರಗಿಸಿತೋ, ನನಗೆ ಇಂದಿಗೂ ತಿಳಿದಿಲ್ಲ. ಮತ್ತೆ ಬರುತ್ತದೆಂಬುದು ಮಾತ್ರ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅತ್ತೆಯೇ ಎತ್ತಿಟ್ಟಿದ್ದ ಕೆನೆಯಲ್ಲಿ ಗುಳಿಗೆ ಮುಚ್ಚಿ ಬೆಕ್ಕಿಗೆ ಕೊಟ್ಟೆ. ಮರಿಯ ಹಾಲನ್ನು ಬೇರೆ ಬಟ್ಟಲಲ್ಲಿ, ಬೇರೆ ಕೋಣೆಯಲ್ಲಿ ಇಟ್ಟೆ.