ಮೂರನೇ ಕೂಗು

ಕೊರೊನಾ ಮುಗಿದ ಎರಡನೇ ವರ್ಷ ನಾನು ಕಾರವಾರದಲ್ಲಿ ‘ಪೇಜ್ ನೋಡಿಕೊಳ್ಳುವ’ ಕೆಲಸ ಶುರುಮಾಡಿದೆ. ಅದಕ್ಕೂ ಮೊದಲು ಒಂದು ಫೋಟೊ ಸ್ಟುಡಿಯೋದಲ್ಲಿ ಕೂತು ಮದುವೆ ಆಲ್ಬಮ್ ಮಾಡುತ್ತಿದ್ದೆ. ಸ್ಟುಡಿಯೋ ಮುಚ್ಚಿದ ಮೇಲೆ ಮನೆಯ ಮುಂಗೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡೆ. ಸಣ್ಣ ವ್ಯಾಪಾರ ಮಾಡುವವರಿಗೆ ಆನ್‌ಲೈನ್ ಪುಟ ತೆರೆದುಕೊಡುವುದು, ವಾರಕ್ಕೆ ಇಷ್ಟು ರೀಲ್ ಎಂದು ಹಾಕುವುದು, ಕೇಳಿದವರಿಗೆ ಅವರ ಪರವಾಗಿ ಉತ್ತರ ಕೊಡುವುದು ನನ್ನ ಕೆಲಸ. ಬಿಣಗಾದ ಒಂದು ಮೀನೂಟದ ಹೋಟೆಲು, ದೋಣಿ ಬಾಡಿಗೆಗೆ ಕೊಡುವ ಒಬ್ಬರು, ರವಿಕೆ ಹೊಲಿಯುವ ಇಬ್ಬರು ಹೆಂಗಸರು ನನ್ನ ಮೊದಲ ಕ್ಲೈಂಟ್‌ಗಳು. ನನ್ನ ಅತ್ತೆ ಮಾತ್ರ ಇವತ್ತಿಗೂ ಬಂದವರ ಮುಂದೆ, ‘ನಮ್ಮ ಸೊಸೆ ದಿನವಿಡೀ ಮೊಬೈಲ್ ನೋಡುತ್ತಾಳೆ, ಅದಕ್ಕೆ ಜನ ದುಡ್ಡು ಬೇರೆ ಕೊಡುತ್ತಾರೆ’ ಎಂದೇ ಹೇಳುತ್ತಾರೆ.

ಆ ಮುಂದಿನ ಬೇಸಿಗೆಯಲ್ಲಿ ಅಂಕೋಲೆಯ ಹಿಲ್ಲೂರಿನಿಂದ ನಾಗವೇಣಿ ಅಕ್ಕ ಬಂದರು. ಐವತ್ತು ದಾಟಿದ ಹೆಂಗಸು. ಬೆಟ್ಟದ ಮುರುಗಲು, ಅಂದರೆ ಕೋಕಂ ಹಣ್ಣು ತಂದು ಸಿಪ್ಪೆ ಒಣಗಿಸಿ ಹುಳಿ ಮಾಡುವುದು, ಪಾನಕದ ಗಟ್ಟಿ ರಸ ಕಾಸುವುದು, ಬೀಜದಿಂದ ಹಿಮ್ಮಡಿಗೆ ಹಚ್ಚುವ ತುಪ್ಪ ತೆಗೆಯುವುದು ಅವರ ಕಸುಬು. ಜೊತೆಗೆ ತಂಗಿ ದೇವಿ. ಇಬ್ಬರ ಮನೆಗಳ ನಡುವೆ ಒಂದು ಹಳ್ಳ, ಹಳ್ಳದಾಚೆ ಒಂದು ಏರು. ದೇವಿಯ ಗಂಡನಿಗೆ ಕದ್ರಾ ಅಣೆಕಟ್ಟಿನಲ್ಲಿ ಪಾಳಿ ಕೆಲಸ, ವಾರದಲ್ಲಿ ಎರಡು ದಿನ ಮನೆಗೆ ಬಂದರೆ ಹೆಚ್ಚು. ಎರಡೂ ಮನೆಗಳಲ್ಲಿ ನೆಟ್‌ವರ್ಕ್ ಇಲ್ಲ. ಡಾಂಬರು ರಸ್ತೆಯ ಮೋರಿಯ ಮೇಲೆ ಕೂತರೆ ಮಾತ್ರ ಫೋನಿಗೆ ಜೀವ ಬರುತ್ತದೆ. ನಾಗಕ್ಕ ದಿನಾ ಮಧ್ಯಾಹ್ನ ಆ ಮೋರಿಯ ಮೇಲೆ ಕೂತೇ ಆರ್ಡರು ತೆಗೆದುಕೊಳ್ಳುತ್ತಿದ್ದರು.

ಮೊದಲ ರೀಲ್‌ಗಳನ್ನು ಯಾರೂ ನೋಡಲಿಲ್ಲ. ಬಾಟಲಿ, ಹಣ್ಣು, ಒಣಹಾಕಿದ ಸಿಪ್ಪೆ. ಚಂದವಾಗಿಯೇ ಇದ್ದವು, ಆದರೆ ಅಂಥವು ಸಾವಿರ ಇರುತ್ತವೆ. ನಮ್ಮ ಕೆಲಸದಲ್ಲಿ ‘ಹುಕ್’ ಎಂದೊಂದು ಮಾತಿದೆ. ನೋಡುವವರ ಬೆರಳು ಮುಂದಕ್ಕೆ ಜಾರುವ ಮೊದಲೇ ಹಿಡಿದು ನಿಲ್ಲಿಸುವಂಥದ್ದು. ಅದನ್ನು ಹುಡುಕುತ್ತ ಒಂದು ಸಂಜೆ ಅವರ ಅಂಗಳದಲ್ಲಿ ನಿಂತಿದ್ದಾಗ ನಾಗಕ್ಕ ತಂಗಿಯನ್ನು ಕರೆದರು. ಎರಡೂ ಕೈ ಬಾಯಿಗೆ ಹಿಡಿದು ಹಳ್ಳದತ್ತ ಮುಖ ಮಾಡಿ, ‘ದೇವೀ... ಕೂ...’ ಎಂದು. ಆ ದನಿ ಏರಿ, ನಡುವೆ ಸ್ವಲ್ಪ ಒಡೆದು, ಮತ್ತೆ ಏರಿತು. ಕಾಡು ಅದನ್ನು ಒಂದು ಸಲ ಹೇಳಿ ಸುಮ್ಮನಾಯಿತು. ನನಗೆ ಮೈ ಜುಮ್ಮೆಂದಿತು.

ಆಚೆಯಿಂದ ಉತ್ತರ ಬರಲಿಲ್ಲ. ಎರಡನೇ ಸಲ ಕರೆದಾಗಲೂ ಬರಲಿಲ್ಲ. ಮೂರನೇ ಕೂಗಿಗೆ ಮಾತ್ರ ಮರಗಳ ಹಿಂದಿನಿಂದ ‘ಓ...’ ಎಂದು ಕೇಳಿತು.

‘ಕಿವಿ ಮಂದವಾ ದೇವಕ್ಕಂಗೆ?’ ಎಂದು ನಾನು ನಕ್ಕೆ.

ನಾಗಕ್ಕ ನಗಲಿಲ್ಲ. ‘ಮೂರುಸಂಜೆ ಆದ್ಮೇಲೆ ಒಂದೇ ಕೂಗಿಗೆ ಓಗೊಡೂದಿಲ್ಲ, ತಂಗಿ. ಮೂರು ಸಲ ಕರದ್ರೆ ಮನ್ಶ. ಒಂದೇ ಸಲ ಕರದು ಸುಮ್ಮನಾದ್ರೆ ಅದು ಮನ್ಶ ಅಲ್ಲ. ಹೆತ್ತ ತಾಯಿ ಗಂಟಲಾದ್ರೂ ಓ ಅನ್ನೂಕಾಗ’ ಎಂದರು.

ಕಾರವಾರದಲ್ಲಿ ನಮ್ಮಜ್ಜಿಯೂ ಕೊಂಕಣಿಯಲ್ಲಿ ಇಂಥದ್ದನ್ನೇ ಹೇಳಿ ನಮ್ಮನ್ನು ಒಳಗೆ ಕೂಡಿಸುತ್ತಿದ್ದಳು. ಹೀಗಾಗಿ ನನಗೆ ಹೊಸದೇನೂ ಅನಿಸಲಿಲ್ಲ. ಮಾರನೇ ಸಂಜೆ ಕ್ಯಾಮೆರಾ ಇಟ್ಟು ಆ ಕೂಗನ್ನೇ ಚಿತ್ರಿಸಿದೆ. ಕ್ಲೈಂಟ್‌ನ ಒಪ್ಪಿಗೆ ಇಲ್ಲದೆ ನಾನು ಏನನ್ನೂ ಹಾಕುವುದಿಲ್ಲ. ಕತ್ತರಿಸಿ ಸಿದ್ಧಮಾಡಿ ಮೋರಿಯ ಮೇಲೆ ಕೂತು ತೋರಿಸಿದಾಗ ನಾಗಕ್ಕ ಒಂದೇ ಒಂದು ಷರತ್ತು ಹಾಕಿದರು.

‘ಮೂರೂ ಕೂಗು ಇರೂದಾದ್ರೆ ಹಾಕು. ಒಂದೇ ಹಾಕೂದಾದ್ರೆ ಬ್ಯಾಡ.’

ಮೂರೂ ಇಟ್ಟೆ, ಕೊನೆಗೆ ದೇವಿಯ ‘ಓ’ ಕೂಡ ಇಟ್ಟೆ. ರೀಲ್ ಅರ್ಧ ನಿಮಿಷ ದಾಟಿತು. ಇಷ್ಟುದ್ದ ಯಾರು ನೋಡುತ್ತಾರೆ ಎಂದುಕೊಂಡೇ ಹಾಕಿದೆ.

ಜನ ನೋಡಿದರು. ಬೀದರಿನವರು, ಕೊಡಗಿನವರು, ದುಬೈನಲ್ಲಿದ್ದವರು, ಎಲ್ಲರೂ ನೋಡಿದರು. ಕಾಮೆಂಟಿನಲ್ಲಿ ಬೇರೇನೂ ಬರೆಯದೆ ಬರೀ ‘ಓ’ ಎಂದು ಬರೆಯತೊಡಗಿದರು. ಬೆರಳಿನಿಂದ ಎಷ್ಟು ಸರಿಸಿದರೂ ಓ, ಓ, ಓ. ಒಂದು ವಾರದೊಳಗೆ ಪಾನಕದ ಬಾಟಲಿ ಸಾಲದಾಯಿತು. ನನಗಂತೂ ಕಾಲು ನೆಲದ ಮೇಲಿರಲಿಲ್ಲ. ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ ನಾಗಕ್ಕನಿಗೆ ತೋರಿಸಿದೆ. ಅವರು ಓದುತ್ತ ಓದುತ್ತ ಕುಗ್ಗಿದರು.

‘ನಾ ಇವರನ್ನ ಕರೀಲೇ ಇಲ್ವಲೆ? ಎಂತಕ್ಕೆ ಇಷ್ಟು ಮಂದಿ ಓಗೊಡ್ತಾರೆ?’

‘ಪ್ರೀತಿಗೆ ಅಕ್ಕಾ.’

‘ಓಗೊಟ್ಟವರು ಬರೂಕೂ ಬೇಕಲೆ, ತಂಗಿ. ಇಷ್ಟೂ ಮಂದಿ ಬಂದ್ರೆ?’

ಆಗ ನನಗೆ ನಗು ಬಂದಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ನಾವು ಹಾಕಿದ ವಿಡಿಯೋದ ಶಬ್ದವನ್ನು ಬೇರೆಯವರು ಎತ್ತಿಕೊಂಡು ತಮ್ಮ ವಿಡಿಯೋಕ್ಕೆ ಜೋಡಿಸಬಹುದು. ನಮ್ಮ ಕೆಲಸದವರು ಅದನ್ನು ‘ಆಡಿಯೊ’ ಎಂದಷ್ಟೇ ಕರೆಯುತ್ತೇವೆ. ಹೆಚ್ಚು ಜನ ಎತ್ತಿಕೊಂಡರೆ ಒಳ್ಳೆಯದೆಂದೇ ಲೆಕ್ಕ. ಎಲ್ಲಿಯವನೋ ಒಬ್ಬ ನಾಗಕ್ಕನ ಮೊದಲ ಕೂಗನ್ನಷ್ಟೇ ಕತ್ತರಿಸಿಕೊಂಡ. ಕತ್ತಲ ದಾರಿಯಲ್ಲಿ ಒಬ್ಬ ಒಂಟಿಯಾಗಿ ನಡೆಯುತ್ತಾನೆ, ಹಿಂದಿನಿಂದ ಆ ಕೂಗು ಒಂದೇ ಒಂದು ಸಲ ಕೇಳುತ್ತದೆ, ಪರದೆ ಕಪ್ಪಾಗುತ್ತದೆ. ಅಷ್ಟೇ. ಅದು ಮೂಲದ ರೀಲ್‌ಗಿಂತ ಜೋರಾಗಿ ಓಡಿತು. ಗೆಳೆಯರನ್ನು ಹೆದರಿಸಲು ಹುಡುಗರು ಆ ಒಂದು ಕೂಗನ್ನು ಫೋನಿನಲ್ಲಿ ಇಟ್ಟುಕೊಂಡು ತಿರುಗಿದರು.

ಬಾಟಲಿಯ ಮುಚ್ಚಳ ಕೊಳ್ಳಲು ಕಾರವಾರಕ್ಕೆ ಬಂದ ದಿನ ನಾಗಕ್ಕ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಕೇಳಿದರು. ಯಾರದ್ದೋ ಕಿಸೆಯೊಳಗಿಂದ ತನ್ನದೇ ದನಿ, ತನ್ನ ತಂಗಿಯ ಹೆಸರು ಹಿಡಿದು. ಒಂದೇ ಸಲ. ನಮ್ಮ ಮನೆಗೆ ಬಂದವರು ಚಾ ಮುಟ್ಟಲಿಲ್ಲ.

‘ನನ್ನ ಗಂಟಲು ನನ್ನ ಬಿಟ್ಟು ತಿರುಗ್ತಾ ಅದೆ’ ಎಂದರು. ‘ಅದ್ನ ವಾಪಸ್ ಕರ್ಕಬಾ.’

ಆಗಲಿ ಎಂದೆ. ನಮ್ಮ ರೀಲ್ ಅಳಿಸಿದೆ, ಕತ್ತರಿಸಿದವನಿಗೆ ಬರೆದೆ, ದೂರು ಕೊಟ್ಟೆ. ಆದರೆ ಊರೂರಿನ ಫೋನುಗಳೊಳಗೆ ಹೋಗಿ ಕೂತದ್ದನ್ನು ವಾಪಸ್ ಕರೆಯುವ ದಾರಿ ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲ. ಅದನ್ನು ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಎರಡು ವಾರ ‘ನೋಡ್ತಿದ್ದೇನೆ ಅಕ್ಕಾ’ ಎನ್ನುತ್ತ ಕಳೆದೆ.

ಮಳೆ ಇನ್ನೇನು ಬರಬೇಕು ಎನ್ನುವ ಒಂದು ಭಾನುವಾರ. ಮರುದಿನ ಹೋಗಬೇಕಾದ ಪಾರ್ಸೆಲ್‌ಗಳನ್ನು ನಾಗಕ್ಕನ ಜೊತೆ ಅಂಕೋಲೆಯಲ್ಲಿ ಕಟ್ಟಿಟ್ಟು, ಅವರನ್ನು ಮನೆಗೆ ಬಿಡಲು ನನ್ನ ಕಾರಿನಲ್ಲಿ ಹೊರಟೆ. ಹಿಲ್ಲೂರು ಮುಟ್ಟುವಾಗ ಹೊತ್ತು ಮುಳುಗಿತ್ತು. ಮೋರಿಯ ಹತ್ತಿರ ನೆರೆಮನೆಯ ಬೀರಣ್ಣ ಟಾರ್ಚು ಹಿಡಿದು ನಿಂತಿದ್ದ. ಗಾಡಿಯಿಂದ ನಾಗಕ್ಕ ಇಳಿದದ್ದನ್ನು ಕಂಡು ಅವನು ಎರಡು ಹೆಜ್ಜೆ ಹಿಂದೆ ಸರಿದ.

‘ನೀ ಇದರಾಗೆ ಬಂದ್ಯಾ? ಈಗ ಎಲ್ಲಿಂದ ಬಂದಿ?’

‘ಅಂಕೋಲೆಯಿಂದ. ಎಂತಕ್ಕೆ?’

‘ಈಗಷ್ಟೇ ನಿನ್ನ ಕೂಗು ಕೇಳ್ತು. ಹಳ್ಳದ ಮೇಲಿಂದ. ನೀನೂ ದೇವಿನೂ ಹಣ್ಣಿಗೆ ಹೋಗಿ ಹೊತ್ತು ಮಾಡ್ಕಂಡ್ರಿ ಅಂದ್ಕಂಡೆ.’

ನಾಗಕ್ಕ ಕೇಳಿದ್ದು ಒಂದೇ ಮಾತು. ‘ಎಷ್ಟು ಸಲ?’

‘ನಂಗೆ ಕೇಳಿದ್ದು ಒಂದ್ ಸಲ.’

ದೇವಿಯ ಮನೆಗೆ ಓಡಿದೆವು. ಬಾಗಿಲು ತೆರೆದಿತ್ತು. ದೇವರ ಮುಂದೆ ದೀಪ ಉರಿಯುತ್ತಿತ್ತು. ಒಲೆಯ ಮೇಲೆ ಗಂಜಿ ಉಕ್ಕಿ ಬೆಂಕಿ ಆರಿತ್ತು, ಪಾತ್ರೆ ಇನ್ನೂ ಬಿಸಿಯಿತ್ತು. ದೇವಿ ಇರಲಿಲ್ಲ. ಅವರ ಮನೆಯ ಹಿಂದಿನ ಏರು ದಾಟಿದರೆ ಹಳ್ಳ ಒಮ್ಮೆಗೇ ಕೆಳಕ್ಕೆ ಬೀಳುವ ಬಂಡೆಯಿದೆ. ದೇವಿಗೆ ಮಬ್ಬು ಬೆಳಕಿನಲ್ಲಿ ಕಣ್ಣು ಕಾಣುವುದಿಲ್ಲ, ಅದಕ್ಕೇ ಅವರು ಸಂಜೆ ಅಂಗಳ ಬಿಟ್ಟು ಹೋಗುವವರೇ ಅಲ್ಲ. ಇದನ್ನು ನನಗೆ ಹೇಳಿದ್ದು ಬೀರಣ್ಣ.

ಏರಿನ ಬುಡದವರೆಗೆ ಗಾಡಿ ಹೋಗುವ ಮಣ್ಣುದಾರಿ ಇತ್ತು. ದೀಪ ಹಾಕಿ ಅಲ್ಲಿ ತಂದು ನಿಲ್ಲಿಸಿದೆ. ಬೀರಣ್ಣ ಕರೆದ, ನಾನು ಕರೆದೆ. ನಾಗಕ್ಕ ಎರಡೂ ಕೈ ಬಾಯಿಗೆ ಹಿಡಿದು ಆ ಕೂಗನ್ನೇ ಕೂಗಿದರು. ಒಂದು. ಎರಡು. ಮೂರು. ಕಾಡು ಅದನ್ನು ಹೇಳಿ ಸುಮ್ಮನಾಯಿತು. ಯಾವ ಕಡೆಯಿಂದಲೂ ‘ಓ’ ಬರಲಿಲ್ಲ. ಮತ್ತೆ ಮೂರು ಕೂಗಿದರು. ಎಲ್ಲೋ ಒಣ ಎಲೆ ಸರಿದ ಸದ್ದಾಯಿತು, ಅದೂ ನಿಂತಿತು.

ದೇವಿ ಬಿದ್ದಿದ್ದಾರೆ ಎಂದೇ ನನಗನಿಸಿತು. ಅಳು ಬಂತು. ನಾಗಕ್ಕ ಮಾತ್ರ ಎಲೆ ಸರಿದ ಕಡೆಗೇ ಕಿವಿಗೊಟ್ಟು ನಿಂತಿದ್ದರು. ಆಮೇಲೆ ನನ್ನತ್ತ ತಿರುಗಿದರು.

‘ಕೇಳ್ತಾ ಅದೆ ದೇವಿಗೆ. ಓಗೊಡ್ತಾ ಇಲ್ಲ. ಮೂರು ಕೂಗೂ ನಿನ್ನ ವಿಡಿಯೋದಾಗೆ ಇತ್ತಲೆ? ನಾನೋ ಫೋನೋ ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು?’

ಒಂದು ಕೂಗನ್ನು ಕದ್ದವನು ಯಾರೋ, ಆದರೆ ಮೂರನ್ನೂ ಲೋಕಕ್ಕೆ ಹಂಚಿದ್ದು ನಾವು. ಅಕ್ಕ ತಂಗಿಯನ್ನು ಕರೆಯಲು ಇದ್ದ ಒಂದೇ ಗುರುತು ಈಗ ಎಲ್ಲರ ಕಿಸೆಯಲ್ಲೂ ಇತ್ತು.

ನಾಗಕ್ಕ ಬೀರಣ್ಣನನ್ನು ಮೋರಿಯವರೆಗೆ ಹೋಗಿ ನಿಲ್ಲು ಎಂದು ಕಳಿಸಿದರು. ನನ್ನ ಕೈಹಿಡಿದು ಗಾಡಿಯ ಹತ್ತಿರ ಕರೆತಂದರು.

‘ಒಳಗೆ ಕೂತ್ಕ. ಫೋನು ಆಫ್ ಮಾಡು. ಗಾಜು ಏರಿಸು, ಕಿವಿ ಮುಚ್ಕ. ನಾ ಬಂದು ಬಡಿಯೂ ತನಕ ತೆಗೀಬ್ಯಾಡ.’

‘ಎಂತಕ್ಕೆ ಅಕ್ಕಾ?’

‘ನಮ್ಮವ್ವಿ ದೇವೀನ ಒಂದು ಹೆಸರಿಂದ ಕರೀತಿತ್ತು. ಅವ್ವಿ ಹೋದ್ಮೇಲೆ ನಂಗೆ, ಅದಕ್ಕೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಿಂಗೂ ಗೊತ್ತಾಗೂದು ಬ್ಯಾಡ.’

ಅವರು ಹೇಳಿದ ಹಾಗೆ ಮಾಡಿದೆ. ಇಡೀ ದಿನ ಜನರ ದನಿ ಹಿಡಿದು ಬದುಕುವವಳು ಎರಡೂ ಅಂಗೈಯಿಂದ ಕಿವಿ ಒತ್ತಿ ಕೂತೆ. ಗಾಡಿಯ ಬೆಳಕಿನಲ್ಲಿ ನಾಗಕ್ಕನ ಬೆನ್ನು, ಒಂದು ಕೆನ್ನೆ ಕಾಣುತ್ತಿತ್ತು. ಬಾಯಿಗೆ ಕೈ ಹಿಡಿಯಲಿಲ್ಲ ಅವರು. ಕೂಗಿದ ಹಾಗೂ ಕಾಣಲಿಲ್ಲ, ಪಕ್ಕದಲ್ಲಿದ್ದವರಿಗೆ ಹೇಳುವ ಹಾಗೆ ತುಟಿ ಆಡಿತು. ಸ್ವಲ್ಪ ತಡೆದು ಮತ್ತೆ ಆಡಿತು. ನನಗೆ ನನ್ನದೇ ನೆತ್ತರು ಹರಿಯುವ ಸದ್ದು ಬಿಟ್ಟು ಏನೂ ಕೇಳುತ್ತಿರಲಿಲ್ಲ. ಬೆಳಕು ಮುಟ್ಟುವ ಕೊನೆಯ ಮರದಾಚೆ ಏನಿದೆಯೋ ನೋಡಲು ಹೆದರಿಕೆಯಾಗಿ ಅವರ ಕೆನ್ನೆಯನ್ನಷ್ಟೇ ನೋಡುತ್ತಿದ್ದೆ. ಆಗ ಆ ಕೆನ್ನೆ ಸಡಿಲಾಯಿತು. ಉತ್ತರ ಬಂತೆಂದು ನನಗೆ ಗೊತ್ತಾದದ್ದು ಹಾಗೆ.

ದೇವಿ ಮರ ಹಿಡಿದು ಹಿಡಿದು ಇಳಿದು ಬಂದರು. ಬಂಡೆಯ ಅಂಚಿಗೆ ಬಹಳ ದೂರವಿರಲಿಲ್ಲವಂತೆ. ಮನೆಗೆ ಬಂದು ಬೆಲ್ಲದ ಚಾ ಕುಡಿದ ಮೇಲೆ ಅಕ್ಕನ ಮುಖ ನೋಡಿಕೊಂಡೇ ಹೇಳಿದರು.

‘ಗಂಜಿ ಇಟ್ಟಿದ್ದೆ. ನೀ ಕರದಂಗೆ ಆಯ್ತು. ಸುಮ್ಮನಿದ್ದೆ. ಎರಡನೇ ಸಲ ಕರೀತು, ಸ್ವಲ್ಪ ದೂರದಿಂದ. ಮೂರನೇದು ಬರ್ತದೆ ಅಂತ ಕಾದೆ. ಬರ್ಲೇ ಇಲ್ಲ. ಮೂರನೇದು ಕರಿಯೂಕೆ ಆಗ್ದೆ ಇದ್ದಂಗೆ ನೀ ಎಲ್ಲೋ ಬಿದ್ದಿ ಅಂದ್ಕಂಡೆ. ಹೆಂಗೆ ಮನೇಲಿ ಕೂರೂದು? ಹೋದೆ. ಹೋದಂಗೆ ಅದೂ ಮುಂದೆ ಹೋಗ್ತು.’

ನಾಗಕ್ಕ ತಂಗಿಯ ತಲೆಯನ್ನು ಎದೆಗೊತ್ತಿಕೊಂಡರು. ಇಬ್ಬರೂ ಅತ್ತರು, ನಾನೂ ಅತ್ತೆ.

ಮರುದಿನ ವಿಚಾರಿಸಿದೆ. ಹಳ್ಳದ ಮೇಲೆ ಹುಡುಗರ ಒಂದು ಗುಂಪು ಸ್ಪೀಕರ್ ತಂದುಕೊಂಡು ಅಡುಗೆ ಮಾಡಿ ಉಂಡಿತ್ತು. ಅವರ ಫೋನಿನದೇ ಕೂಗು ಎಂದು ನನಗೆ ನಿರಾಳವಾಯಿತು. ಚಾ ಅಂಗಡಿಯವನು ಮಾತ್ರ, ಹುಡುಗರು ಬಿಸಿಲಿರುವಾಗಲೇ ತನ್ನಲ್ಲಿ ಚಾ ಕುಡಿದು ಅಂಕೋಲೆ ಕಡೆಗೆ ಹೋದರು ಎಂದ. ಇನ್ನೊಂದು ಸಲ ಕೇಳಿದೆ, ಅದನ್ನೇ ಹೇಳಿದ. ಅಲ್ಲಿಂದ ಮುಂದೆ ನಾನು ಯಾರನ್ನೂ ಕೇಳಲಿಲ್ಲ.

ನಾಗಕ್ಕ ಈಗಲೂ ನನ್ನ ಕ್ಲೈಂಟು. ಅವರ ಪುಟದಲ್ಲಿ ಕೈ ಕಾಣುತ್ತದೆ, ಹಣ್ಣು ಕಾಣುತ್ತದೆ, ದನಿ ಇಲ್ಲ. ವ್ಯಾಪಾರ ಸ್ವಲ್ಪ ಇಳಿದರೂ ನಿಂತಿಲ್ಲ. ನಾನು ಕಲಿತದ್ದನ್ನು ಹೇಳುವುದಾದರೆ ಇಷ್ಟು. ಜನ ಸೇರಿಸುವುದು ಕಲಿಯಬಹುದಾದ ವಿದ್ಯೆ, ನಾನೂ ನಾಲ್ಕು ಮಂದಿಗೆ ಹೇಳಿಕೊಟ್ಟಿದ್ದೇನೆ. ಆದರೆ ಸೇರಿದವರು ನಾವು ಕೊಟ್ಟದ್ದನ್ನು ಎಲ್ಲಿಗೆ ಹೊತ್ತೊಯ್ಯುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ಹೊಸ ಕ್ಲೈಂಟ್ ಬಂದಾಗ ಏನೇನು ತೋರಿಸೋಣ ಎಂದು ಮೊದಲು ಕೇಳುತ್ತಿದ್ದೆ. ಈಗ, ನಿಮ್ಮವರಿಗೆ ನಿಮ್ಮ ಗುರುತು ಸಿಗುವುದು ಯಾವುದರಿಂದ, ಅದನ್ನು ನೆನೆದುಕೊಳ್ಳಿ, ನನಗೆ ಹೇಳಬೇಡಿ ಎನ್ನುತ್ತೇನೆ. ಕೆಲವರು ನಗುತ್ತಾರೆ.

ಕಳೆದ ಬೇಸಿಗೆಯಲ್ಲಿ ಪಾರ್ಸೆಲ್ ಕಟ್ಟುತ್ತ ಕೂತಿದ್ದಾಗ ನಾಗಕ್ಕ ಇದ್ದಕ್ಕಿದ್ದಂತೆ ಕೇಳಿದರು. ‘ಅವತ್ತು ಗಾಡಿಯೊಳಗೆ ನಿಂಗೆ ಆ ಹೆಸರು ಕೇಳ್ತಾ?’

‘ಇಲ್ಲ ಅಕ್ಕಾ’ ಎಂದೆ. ಅದು ನಿಜ.

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ದಾರ ಹಲ್ಲಿನಿಂದ ಕಡಿದು, ‘ಕೇಳಿದ್ರೂ ಹಂಗೇ ಹೇಳ್ಬೇಕು, ತಂಗಿ’ ಎಂದರು.